ಮನೆಗೆ ಬಂದ ಮೂಟೆಗಳು

ಆ ಗಲ್ಲಿಯಲ್ಲಿ ಅವಳನ್ನು ಎಲ್ಲರೂ ತಾಮ್ರದಕ್ಕ ಎಂದೇ ಕರೆಯುತ್ತಿದ್ದರು. ಗಂಡ ಸಿಟ್ಟು ಬಂದಾಗಲೂ ಹಾಗೆಯೇ ಕರೆಯುತ್ತಿದ್ದ, ಮುದ್ದು ಬಂದಾಗಲೂ ಹಾಗೆಯೇ. ಹಾಳಾದ ಕಂಪ್ಯೂಟರುಗಳ ವೈರು ಸುಲಿದು ಒಳಗಿನ ತಾಮ್ರ ತೆಗೆಯುವುದರಲ್ಲಿ ಅವಳನ್ನು ಮೀರಿಸುವವರು ಅಲ್ಲಿ ಯಾರೂ ಇರಲಿಲ್ಲ. ವೈರಿನ ಒಂದು ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸುತ್ತಿ ಬಿಗಿಹಿಡಿದು, ಚಾಕುವಿನಿಂದ ಉದ್ದಕ್ಕೂ ಒಂದು ಗೀರೆಳೆದು, ಬಾಳೆಹಣ್ಣಿನ ಸಿಪ್ಪೆ ಬಿಡಿಸಿದಷ್ಟು ಸಲೀಸಾಗಿ ಬಿಡಿಸಿ ಪಕ್ಕಕ್ಕೆ ಹಾಕುತ್ತಿದ್ದಳು. ಮಾತಾಡುತ್ತಲೇ ಕೆಲಸ, ಕೆಲಸ ಮಾಡುತ್ತಲೇ ಮಾತು.

ಅವಳು ದುಡಿಯುತ್ತಿದ್ದುದು ಗುಜರಿ ಸಾಹುಕಾರನ ಶೆಡ್ಡಿನಲ್ಲಿ. ರೈಲು ಹಳಿ ದಾಟಿ ಆಚೆ ಹೋದರೆ ತಗಡು ಹೊದಿಸಿದ ದೊಡ್ಡ ಶೆಡ್ಡು. ಬ್ಯಾಂಕು, ಆಫೀಸು, ಕಾಲೇಜುಗಳಲ್ಲಿ ಮೂಲೆ ಸೇರಿದ ಕಂಪ್ಯೂಟರು, ಪ್ರಿಂಟರು, ಮೊಬೈಲುಗಳೆಲ್ಲ ಲಾರಿಯಲ್ಲಿ ಅಲ್ಲಿಗೆ ಬಂದು ಬೀಳುತ್ತಿದ್ದವು. ಮೊದಮೊದಲು ಅವಳಿಗೆ ಅದೊಂದು ಸೋಜಿಗ. ಮೈಮೇಲೆ ಒಂದು ಗೀರೂ ಇಲ್ಲದ, ಇನ್ನೂ ಹೊಸದರ ಹೊಳಪು ಮಾಸದ ಪೆಟ್ಟಿಗೆಗಳನ್ನು ಜನ ಯಾಕೆ ಎಸೆಯುತ್ತಾರೋ ಅವಳಿಗೆ ಅರ್ಥವಾಗುತ್ತಿರಲಿಲ್ಲ. "ನಮ್ಮತ್ತೇನ ನೋಡಿ, ಇಷ್ಟು ವಯಸ್ಸಾದ್ರೂ ಸೊಂಟದ ಮೇಲೊಂದು ಕೈಯಲ್ಲೊಂದು ಕೊಡ ತರ್ತಾರೆ. ಇವು ಹಲ್ಲು ಹುಟ್ಟೋದ್ರೊಳಗೇ ಮುದಿಯಾಗಿಬಿಡ್ತವೆ," ಎಂದು ಜೊತೆಯ ಹೆಂಗಸರನ್ನು ನಗಿಸುತ್ತಿದ್ದಳು. ಒಳಗಿನ ಹಸಿರು ಬೋರ್ಡುಗಳನ್ನು ಕಾವಲಿಯ ಮೇಲಿಟ್ಟು ಕಾಯಿಸಿ, ಬೆಸುಗೆ ಕರಗುತ್ತಿದ್ದ ಹಾಗೆ ಕಲ್ಲಿಗೆ ಬಡಿದು ಚಿಪ್‌ಗಳನ್ನು ಉದುರಿಸುವುದನ್ನೂ ಅಲ್ಲೇ ಕಲಿತಳು. ಬಡಿದಾಗ ಬೂದಿ ಬಣ್ಣದ ಸಣ್ಣ ಹುಡಿ ಏಳುತ್ತಿತ್ತು. ಹಿಟ್ಟಿನ ಗಿರಣಿಯಲ್ಲಿ ಹಿಟ್ಟು ಮೈಗೆ ಮೆತ್ತಿಕೊಳ್ಳುವುದಿಲ್ಲವೇ, ಹಾಗೆ ಎಂದುಕೊಂಡಿದ್ದಳು.

ಮಗಳು ಹುಟ್ಟಿದ ಮೇಲೂ ಶೆಡ್ಡಿಗೆ ಹೋಗುವುದು ನಿಲ್ಲಲಿಲ್ಲ. ಮಗುವನ್ನು ಅತ್ತೆ ನೋಡಿಕೊಳ್ಳುತ್ತಿದ್ದಳು. ಆದರೆ ಅತ್ತೆಯ ಕಣ್ಣಿಗೆ ಪೊರೆ ಬರತೊಡಗಿತ್ತು. ಕಾಣುವುದಿಲ್ಲ ಎಂದರೆ ಸೊಸೆಯ ದುಡಿಮೆ ನಿಂತೀತು ಎಂದು ಮುದುಕಿ ಬಾಯಿಬಿಟ್ಟು ಹೇಳಿರಲಿಲ್ಲ. ಒಂದು ಮಧ್ಯಾಹ್ನ ಮಗು ತೆವಳಿಕೊಂಡು ಹೊಸಿಲು ದಾಟಿ, ಮೆಟ್ಟಿಲಿಳಿದು, ಗಲ್ಲಿಯ ನಟ್ಟನಡುವೆ ಹೋಗಿ ಕೂತುಬಿಟ್ಟಿತ್ತು. ನೀರಿನ ಟ್ಯಾಂಕರಿನವನು ನೋಡಿದ್ದು ಪುಣ್ಯ. ಬ್ರೇಕು ಹಾಕಿದ ಸದ್ದಿಗೆ ಗಲ್ಲಿಗೆ ಗಲ್ಲಿಯೇ ಹೊರಗೆ ಬಂತು. ಅತ್ತೆ ಮಾತ್ರ ಒಳಗೆ ಖಾಲಿ ತೊಟ್ಟಿಲನ್ನೇ ತೂಗುತ್ತಿದ್ದಳು.

ಸಂಜೆ ಸುದ್ದಿ ಕೇಳಿದ ತಾಮ್ರದಕ್ಕ ರಾತ್ರಿಯಿಡೀ ಮಗುವನ್ನು ಮಡಿಲಿಂದ ಇಳಿಸಲಿಲ್ಲ. ಮಾರನೆಯ ಬೆಳಿಗ್ಗೆ ಸೀದಾ ಸಾಹುಕಾರನ ಮುಂದೆ ಹೋಗಿ ನಿಂತಳು.

"ಸಾಹುಕಾರ್ರೇ, ಕೆಲಸ ನನಗೆ ಮನೆಗೇ ಕೊಡಿ. ಎಷ್ಟಾದ್ರೂ ಮಾಡಿಕೊಡ್ತೀನಿ. ಮಗು ಕಣ್ಣೆದುರಿಗೆ ಇರುತ್ತೆ."

ಸಾಹುಕಾರ ಯಾವುದಕ್ಕೂ ಸುಲಭಕ್ಕೆ ಹೂಂ ಅನ್ನುವ ಆಸಾಮಿಯಲ್ಲ. ಆದರೆ ಇದಕ್ಕೆ ತಟ್ಟನೆ ಒಪ್ಪಿಕೊಂಡ. "ಆಯ್ತಮ್ಮ, ತಾಯಿ ಮಗೂನ ಯಾಕೆ ದೂರ ಮಾಡ್ಲಿ? ಮೂಟೆ ಕಳಿಸ್ತೀನಿ, ಬಿಚ್ಚಿ ಇಡು, ನಮ್ಮ ಗಾಡಿ ಬಂದು ತಗೊಂಡು ಹೋಗುತ್ತೆ," ಎಂದ. ಅವನ ಒಳ್ಳೆಯತನ ಕಂಡು ಅವಳ ಕಣ್ಣು ತುಂಬಿ ಬಂದಿತ್ತು. ಶೆಡ್ಡಿನ ಮೇಲೆ ಅಧಿಕಾರಿಗಳ ಕಣ್ಣಿದೆ, ಗಲ್ಲಿಯೊಳಗಿನ ಮನೆಗಳ ಮೇಲೆ ಇಲ್ಲ ಎಂಬ ಲೆಕ್ಕಾಚಾರ ಅದರ ಹಿಂದೆ ಇತ್ತೆಂಬುದು ತಿಳಿದದ್ದು ಬಹಳ ಆಮೇಲೆ.

ಹೀಗೆ ಮೂಟೆಗಳು ಮನೆಗೆ ಬಂದವು. ಇದ್ದದ್ದೇ ಎರಡು ಕೋಣೆ. ಮುಂದಿನ ಕೋಣೆಯ ಒಂದು ಮೂಲೆಯಲ್ಲಿ ಸ್ಟೌವು, ಕಾವಲಿ, ಬಡಿಯುವ ಕಲ್ಲು. ಇನ್ನೊಂದು ಮೂಲೆಯಲ್ಲಿ ಮಗುವಿನ ಹಾಸಿಗೆ. ಗಲ್ಲಿಯ ಹೆಂಗಸರೆಲ್ಲ ಅವಳ ಅದೃಷ್ಟವನ್ನು ಕೊಂಡಾಡಿದರು. ಬಿಸಿಲಲ್ಲಿ ಅಲೆಯುವ ಹಾಗಿಲ್ಲ, ಇನ್ನೊಬ್ಬರ ಕೈಕೆಳಗೆ ಬೈಸಿಕೊಳ್ಳುವ ಹಾಗಿಲ್ಲ, ಅಡುಗೆಯೂ ಆಯಿತು, ದುಡಿಮೆಯೂ ಆಯಿತು, ಮಗು ಮಡಿಲಲ್ಲೇ ಇತ್ತು. ಬೋರ್ಡು ಕಾಯಿಸುತ್ತಿದ್ದಾಗ ಮಗು ಅತ್ತರೆ, ಸೆರಗಿಗೆ ಕೈ ಒರೆಸಿಕೊಂಡು ಎತ್ತಿಕೊಳ್ಳುತ್ತಿದ್ದಳು. ಹಸಿವಾದರೆ ಅದೇ ಕೈಯಿಂದ ತುತ್ತು ಕಲಸಿ ಬಾಯಿಗಿಡುತ್ತಿದ್ದಳು.

ಹಾಳಾದ ಕೀಬೋರ್ಡುಗಳ ಗುಂಡಿಗಳೇ ಮಗುವಿಗೆ ಆಟದ ಸಾಮಾನು. ಅವನ್ನು ಸಾಲಾಗಿ ಜೋಡಿಸುವುದು, ಕೆಡಿಸುವುದು, ಬಾಯಿಗೆ ಹಾಕಿ ಚೀಪುವುದು. ಗುಂಡಿಯ ಮೇಲಿನ ಇಂಗ್ಲಿಷ್ ಅಕ್ಷರಗಳನ್ನು ತಂದೆ ಹೇಳಿಕೊಟ್ಟ. ಅವನು ಸಾಮಾನು ಸಾಗಿಸುವ ಲಾರಿಯಲ್ಲಿ ಹಮಾಲಿ. ಪೆಟ್ಟಿಗೆಗಳ ಮೇಲಿನ ಅಕ್ಷರ ಓದುವಷ್ಟು ಕಲಿತಿದ್ದ. ಮಗಳು ಒಮ್ಮೆ ಕೇಳಿದ್ದನ್ನು ಮರೆಯುತ್ತಿರಲಿಲ್ಲ. ಶಾಲೆಯ ಮೆಟ್ಟಿಲು ಹತ್ತುವ ಮೊದಲೇ ಎಲ್ಲ ಅಕ್ಷರಗಳನ್ನೂ ಗುರುತಿಸಿ, ತಾಯಿಗೇ ಪಾಠ ಹೇಳುತ್ತಿದ್ದಳು. "ಅದಲ್ಲಮ್ಮ, ಬಾಲ ಇರೋದು ಬೇರೆ, ಬಾಲ ಇಲ್ಲದ್ದು ಬೇರೆ." ಮಾತೆಂದರೆ ಅರಳು ಹುರಿದ ಹಾಗೆ. ಹಾಲಿನವನನ್ನೂ ಬಿಡುತ್ತಿರಲಿಲ್ಲ, ಕಸದ ಗಾಡಿಯವನನ್ನೂ ಬಿಡುತ್ತಿರಲಿಲ್ಲ. ಗಲ್ಲಿಯವರು ಅವಳಿಗೆ ಪಟಪಟಿ ಎಂದು ಹೆಸರಿಟ್ಟರು. ಗಲ್ಲಿಯ ಕೊನೆಯ ಮನೆಗೆ ಹೊಸದಾಗಿ ಮದುವೆಯಾಗಿ ಬಂದಿದ್ದ ಟೈಲರನ ಹೆಂಡತಿಯಂತೂ, "ಅಕ್ಕ, ಇವಳನ್ನ ವಕೀಲಿ ಓದಿಸಿ. ಎದುರು ಪಾರ್ಟಿ ಅರ್ಜಿ ವಾಪಸ್ ತಗೊಂಡು ಓಡಿಹೋಗ್ತಾರೆ," ಎನ್ನುತ್ತಿದ್ದಳು.

ಶಾಲೆಯ ಮೊದಲ ವರ್ಷ ಪಟಪಟಿಯದೇ ದರ್ಬಾರು. ಟೀಚರು ಪಾಠ ಮುಗಿಸುವ ಮೊದಲೇ ಉತ್ತರ ಹೇಳುತ್ತಾಳೆ ಎಂದು ದೂರು. ಅಂಥ ದೂರು ಕೇಳಲು ತಾಮ್ರದಕ್ಕ ದಿನವೂ ಶಾಲೆಗೆ ಹೋಗಲು ತಯಾರಿದ್ದಳು.

ಯಾವಾಗ ಶುರುವಾಯಿತು ಎಂದು ಅವಳು ಆಮೇಲೆ ಎಷ್ಟು ಯೋಚಿಸಿದರೂ ಹೇಳಲಾಗಲಿಲ್ಲ. ಮಗು ಊಟ ಬೇಡವೆನ್ನತೊಡಗಿತು. ಹೊಟ್ಟೆನೋವು ಎಂದು ಮಂಡಿ ಮಡಚಿಕೊಂಡು ಮಲಗುತ್ತಿತ್ತು. ಶಾಲೆ ತಪ್ಪಿಸುವ ನಾಟಕ ಎಂದು ತಾಯಿ ಗದರಿದಳು. ಮುಖ ಬಿಳುಚಿತು. ಕರೆದರೆ ತಿರುಗುತ್ತಿರಲಿಲ್ಲ. ಸಣ್ಣದಕ್ಕೂ ಸಿಟ್ಟು, ಅಳು. ನಿನ್ನೆ ಬರೆದದ್ದು ಇವತ್ತು ಮರೆತುಹೋಗುತ್ತಿತ್ತು. ತಾಮ್ರದಕ್ಕನಿಗೆ ಕೋಪ ಬಂತು. ಇಷ್ಟು ಚುರುಕಾದ ಹುಡುಗಿಗೆ ಸೋಮಾರಿತನ ಹತ್ತಿದೆ ಎಂದುಕೊಂಡಳು. ಒಂದು ಸಂಜೆ ಬೋರ್ಡು ಕಾಯಿಸುತ್ತಾ ಮಗಳಿಂದ ಪಾಠ ಒಪ್ಪಿಸಿಕೊಳ್ಳುತ್ತಿದ್ದಳು. ಮಗು ಒಂದೇ ಸಾಲಿನಲ್ಲಿ ಮತ್ತೆ ಮತ್ತೆ ತಡವರಿಸಿತು. "ಬೇಕಂತಲೇ ಮಾಡ್ತೀಯಾ?" ಎಂದು ಕೆನ್ನೆಗೆ ಬಾರಿಸಿದಳು. ಮಗು ಅಳಲಿಲ್ಲ. ತಾನು ಏನು ತಪ್ಪು ಮಾಡಿದೆನೆಂದು ಹುಡುಕುವ ಹಾಗೆ ತಾಯಿಯ ಮುಖವನ್ನೇ ನೋಡಿತು. ಕೆನ್ನೆಯ ಮೇಲೆ ಬೂದಿ ಬಣ್ಣದ ಬೆರಳಚ್ಚು ಮೂಡಿತ್ತು. ತಾಯಿಯೇ ಒದ್ದೆ ಬಟ್ಟೆಯಿಂದ ಒರೆಸಿದಳು.

ಶಾಲೆಯಿಂದ ಕರೆ ಬಂತು. ಟೀಚರು ವಯಸ್ಸಿನಲ್ಲಿ ಚಿಕ್ಕವಳು, ಆದರೆ ಮಕ್ಕಳನ್ನು ಕಣ್ಣಿಟ್ಟು ನೋಡುವವಳು. ಎಲ್ಲರೂ ಹೋದ ಮೇಲೆ ತರಗತಿಯ ಬೆಂಚಿನಲ್ಲಿ ತಾಯಿಯನ್ನು ಕೂರಿಸಿಕೊಂಡು ಮಾತಾಡಿದಳು.

"ಮನೇಲಿ ಏನಾದ್ರೂ ತೊಂದರೆ ಇದೆಯಾ ಅಮ್ಮ?"

"ಏನೂ ಇಲ್ಲ ಟೀಚರ್. ಹಟ ಜಾಸ್ತಿ ಆಗಿದೆ. ನೀವು ಎರಡು ಹಾಕಿ, ನಾನೇನೂ ಕೇಳಲ್ಲ."

"ಹಟ ಅಲ್ಲಮ್ಮ ಇದು. ಹಿಂದಿನಿಂದ ಕರೆದ್ರೆ ಅವಳಿಗೆ ಸರಿಯಾಗಿ ಕೇಳಿಸ್ತಿಲ್ಲ. ಮೊನ್ನೆ ಅವಳ ಹೆಸರನ್ನೇ ಬರೆಯೋಕೆ ಹೋಗಿ ನಡುವೆ ನಿಂತುಬಿಟ್ಟಳು. ಮುಂದೇನು ಅಂತ ನನ್ನ ಕೇಳಿದಳು. ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಿ. ತಡ ಮಾಡಬೇಡಿ."

ಹೆಸರನ್ನೇ ಮರೆತಳು ಎಂಬ ಮಾತು ತಾಮ್ರದಕ್ಕನ ಎದೆಗೆ ನಾಟಿತು. ದಾರಿಯುದ್ದಕ್ಕೂ ಮಗಳ ಕೆನ್ನೆ ಸವರಿಕೊಂಡೇ ಮನೆಗೆ ಬಂದಳು.

ದೊಡ್ಡಾಸ್ಪತ್ರೆಯಲ್ಲಿ ಕಿವಿ ನೋಡಿದರು, ಕಣ್ಣು ನೋಡಿದರು, ರಕ್ತ ತೆಗೆದರು. ಮತ್ತೆ ಕರೆಸಿ ಇನ್ನೊಮ್ಮೆ ರಕ್ತ ತೆಗೆದರು. ಮಕ್ಕಳ ಡಾಕ್ಟರು ನರೆಗೂದಲಿನ ಹೆಂಗಸು. ಆ ದಿನ ತಾಯಿಯ ಜೊತೆ ತಂದೆಯೂ ಬಂದಿದ್ದ. ಮಗುವನ್ನು ನರ್ಸಿನ ಜೊತೆ ಹೊರಗೆ ಕಳಿಸಿ ಡಾಕ್ಟರಮ್ಮ ಕೇಳಿದಳು.

"ಏನು ಕೆಲಸ ಮಾಡ್ತೀರಿ?"

"ಇವರು ಹಮಾಲಿ. ನಾನು ಹಳೇ ಕಂಪ್ಯೂಟರ್ ಬಿಚ್ಚೋದು ಡಾಕ್ಟ್ರೇ. ಬೋರ್ಡ್ ಕಾಯಿಸಿ ಚಿಪ್ ತೆಗೆಯೋದು, ವೈರ್ ಸುಲಿಯೋದು."

"ಎಲ್ಲಿ ಮಾಡ್ತೀರಿ ಇದನ್ನ?"

"ಮನೇಲೇ," ಎಂದಳು ತಾಮ್ರದಕ್ಕ. ಹೇಳುವಾಗ ದನಿಯಲ್ಲಿ ಹಳೆಯ ಅಭ್ಯಾಸದ ಹೆಮ್ಮೆ ಸ್ವಲ್ಪ ಇಣುಕಿತು. "ಮಗು ಕಣ್ಣೆದುರಿಗೆ ಇರಲಿ ಅಂತ."

ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ಆಮೇಲೆ ನಿಧಾನವಾಗಿ, ಒಂದೊಂದೇ ಮಾತನ್ನು ಆರಿಸಿ ಇಟ್ಟ ಹಾಗೆ ಹೇಳಿದಳು. ಬೋರ್ಡಿನ ಬೆಸುಗೆಯಲ್ಲಿ ಸೀಸ ಇರುತ್ತದೆ. ಕಾಯಿಸಿ ಬಡಿದಾಗ ಹೊಗೆಯಲ್ಲಿ, ಹುಡಿಯಲ್ಲಿ ಅದು ಹರಡುತ್ತದೆ. ಬಟ್ಟೆಯಲ್ಲಿ, ಕೂದಲಲ್ಲಿ, ಕೈಯಲ್ಲಿ, ನೆಲದಲ್ಲಿ ಕೂರುತ್ತದೆ. ದೊಡ್ಡವರಿಗೂ ಕೆಟ್ಟದ್ದೇ, ಆದರೆ ಬೆಳೆಯುವ ಮಕ್ಕಳಿಗೆ ಬಹಳ ಕೆಟ್ಟದ್ದು. ಮಿದುಳಿಗೆ ಹೋಗುತ್ತದೆ. ಮಗುವಿನ ರಕ್ತದಲ್ಲಿ ಅದು ಸೇರಿದೆ, ಸ್ವಲ್ಪವಲ್ಲ.

ಗಂಡ ಕುರ್ಚಿಯ ತುದಿಗೆ ಬಂದಿದ್ದ. "ಔಷಧಿ ಇದೆಯಲ್ಲ ಡಾಕ್ಟ್ರೇ?"

"ರಕ್ತದಲ್ಲಿರೋದನ್ನ ಇಳಿಸೋಕೆ ಔಷಧಿ ಕೊಡ್ತೀವಿ. ಹಾಲು, ಮೊಟ್ಟೆ, ಸೊಪ್ಪು ಚೆನ್ನಾಗಿ ಕೊಡಿ. ಮೊದಲು ಮನೇಲಿ ಆ ಕೆಲಸ ನಿಲ್ಲಬೇಕು. ಮನೆಯೆಲ್ಲ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣ ಪೊರಕೆ ಹಾಕಬೇಡಿ."

"ಆಮೇಲೆ ಮೊದಲಿನ ಹಾಗೆ ಆಗ್ತಾಳಲ್ಲ?" ಎಂದು ತಾಮ್ರದಕ್ಕ ಕೇಳಿದಳು.

"ಇನ್ನು ಮುಂದೆ ಕೆಡದ ಹಾಗೆ ನೋಡ್ಕೋಬಹುದು. ಹೇಳಿಕೊಟ್ಟು ಹೇಳಿಕೊಟ್ಟು ಸ್ವಲ್ಪ ಮೇಲೆ ತರಬಹುದು. ಹೋಗಿರೋದೆಲ್ಲ ವಾಪಸ್ ಬರುತ್ತೆ ಅಂತ ನಾನು ಸುಳ್ಳು ಹೇಳಲ್ಲಮ್ಮ."

ಹೊರಗೆ ಬಂದಾಗ ಮಗಳು ಓಡಿ ಬಂದು ತೆಕ್ಕೆ ಬಿದ್ದಳು. ತಾಮ್ರದಕ್ಕ ಎರಡೂ ಕೈಗಳನ್ನು ಮೇಲಕ್ಕೆತ್ತಿಕೊಂಡಳು, ಬಿಸಿ ಪಾತ್ರೆ ತಗುಲಿದವಳ ಹಾಗೆ. ಮಗಳು ಅಮ್ಮ ಸಿಟ್ಟಾಗಿದ್ದಾಳೆ ಎಂದುಕೊಂಡು ಹಿಂದೆ ಸರಿದು ಅಪ್ಪನ ಕೈ ಹಿಡಿದಳು.

ಮನೆಗೆ ಹೋಗಿ ಅವಳು ಮಾಡಿದ ಮೊದಲ ಕೆಲಸ, ಉಳಿದಿದ್ದ ಮೂಟೆಗಳನ್ನು ಎಳೆದು ಹೊರಗೆ ಹಾಕಿದ್ದು. ಕಾವಲಿ, ಕಲ್ಲು, ಸ್ಟೌವು, ಎಲ್ಲವೂ ಹಿತ್ತಲಿಗೆ ಹೋದವು. ಆಮೇಲೆ ತೊಳೆಯಲು ಕೂತಳು. ಗೋಡೆ ತೊಳೆದಳು, ನೆಲ ತೊಳೆದಳು, ಕಿಟಕಿಯ ಸರಳು ತೊಳೆದಳು. ಹಾಸಿಗೆ ಬಿಚ್ಚಿ ಹತ್ತಿಯನ್ನು ಎಸೆದಳು. ಸೀಗೆಯಲ್ಲಿ ತಲೆಯುಜ್ಜಿಕೊಂಡು ಸಾಕಾಗದೆ ಕತ್ತರಿ ತಂದು ಮೊಣಕಾಲು ಮುಟ್ಟುವ ಜಡೆಯನ್ನು ಕತ್ತಿನ ಹತ್ತಿರಕ್ಕೆ ಕತ್ತರಿಸಿಕೊಂಡಳು. ಕೊನೆಗೆ ಕೀಬೋರ್ಡಿನ ಗುಂಡಿಗಳ ಡಬ್ಬಿ ಎತ್ತಿದಳು. ಮಗಳು ಡಬ್ಬಿ ಹಿಡಿದುಕೊಂಡು ಜಗ್ಗಿದಳು. "ನನ್ನದು, ನನ್ನದು," ಎಂದು ಅತ್ತ ಅಳು ಗಲ್ಲಿಗೆಲ್ಲ ಕೇಳಿಸಿತು. ಯಾಕೆ ಎಂದು ಆ ಮಗುವಿಗೆ ಹೇಗೆ ಹೇಳುವುದು?

ಅತ್ತೆ ಗೋಡೆಗೊರಗಿ ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. "ನನ್ನ ಕಣ್ಣು ನೆಟ್ಟಗಿದ್ದಿದ್ರೆ ನೀನು ಶೆಡ್ಡಿಗೇ ಹೋಗ್ತಿದ್ದೆ ಕಣೇ," ಎಂದಳು. "ಈ ಹಾಳು ಕಣ್ಣು."

"ನೀವು ಸುಮ್ನಿರಿ ಅತ್ತೆ. ಉಣಿಸಿದ್ದು ನಿಮ್ಮ ಕಣ್ಣಲ್ಲ, ನನ್ನ ಕೈ."

ಗಂಡ ಒಂದೇ ಒಂದು ಸಲ, ಅದೂ ಬಾಯಿತಪ್ಪಿ, "ಆವತ್ತು ಮನೆಗೆ ತರದೇ ಇದ್ದಿದ್ರೆ..." ಎಂದು ಶುರುಮಾಡಿ ನಾಲಿಗೆ ಕಚ್ಚಿಕೊಂಡ. ಆಮೇಲೆ ಜೀವಮಾನದಲ್ಲಿ ಆ ಮಾತು ಎತ್ತಲಿಲ್ಲ. ಆದರೆ ಅವಳಿಗೆ ಅರ್ಧ ಮಾತೇ ಸಾಕಾಗಿತ್ತು.

ಅವಳು ಸಾಹುಕಾರನ ಹತ್ತಿರ ಹೋದಳು. ಅವನು ಫ್ಯಾನಿನ ಕೆಳಗೆ ಕೂತು ಟೀ ಕುಡಿಯುತ್ತಿದ್ದ. ವಿಷಯ ಕೇಳಿ ಹುಬ್ಬು ಗಂಟಿಕ್ಕಿದ.

"ಮನೇಲಿ ಬೋರ್ಡ್ ಕಾಯಿಸು ಅಂತ ನಾನು ಹೇಳಿದ್ನಾ? ನೀನೇ ಬಂದು ಕೇಳಿದ್ದು."

"ನಾನೇ ಕೇಳಿದ್ದು ಸಾಹುಕಾರ್ರೇ, ಇಲ್ಲ ಅನ್ನಲ್ಲ. ಅದು ವಿಷ ಅಂತ ನಿಮಗೆ ಗೊತ್ತಿತ್ತಾ?"

ಸಾಹುಕಾರ ಲೋಟ ಕೆಳಗಿಟ್ಟ. "ನಿಮ್ಮ ಗಲ್ಲೀಲಿ ಬೇಕಾದಷ್ಟು ಜನ ಕೆಲಸ ಕೇಳ್ಕೊಂಡು ನಿಂತಿದ್ದಾರೆ. ನಿನಗೆ ಬೇಡ ಅಂದ್ರೆ ಬಿಡು."

ಕೇಳಿದ್ದಕ್ಕೆ ಅದು ಉತ್ತರವಾಗಿರಲಿಲ್ಲ. ಆದರೆ ಅವಳಿಗೆ ಉತ್ತರ ಸಿಕ್ಕಿತ್ತು.

ಡಾಕ್ಟರಮ್ಮ ಸುಮ್ಮನೆ ಕೂರಲಿಲ್ಲ. ಆ ಕಡೆಯ ಮಕ್ಕಳೆಲ್ಲರ ರಕ್ತ ಪರೀಕ್ಷೆ ಆಗಬೇಕು, ಈ ಧಂದೆ ನಡೆಸುವವರನ್ನು ಹಿಡಿಯಬೇಕು ಎಂದು ಮೇಲಿನ ಕಚೇರಿಗೆ ಬರೆದಳು. ಅವಳು ಬರೆದದ್ದು ಒಳ್ಳೆಯದಕ್ಕೇ. ಆದರೆ ಕಾನೂನು ಗಲ್ಲಿಗೆ ಬಂದಾಗ ಮೊದಲು ಬಾಗಿಲು ತಟ್ಟಿದ್ದು ತಾಮ್ರದಕ್ಕನ ಮನೆಯದು. ಪರಿಸರ ಇಲಾಖೆಯ ಅಧಿಕಾರಿ ಸೌಮ್ಯ ಮನುಷ್ಯ, ಒಳಗೆ ಬರುವಾಗ ಚಪ್ಪಲಿಯನ್ನೂ ಕಳಚಿ ಬಂದ. ಹಿತ್ತಲಲ್ಲಿದ್ದ ಕಾವಲಿ, ಸ್ಟೌವುಗಳ ಫೋಟೋ ತೆಗೆದುಕೊಂಡ. ಅವಳದ್ದೂ ಒಂದು ಫೋಟೋ ತೆಗೆದ.

"ಮನೇಲಿ ಇದನ್ನೆಲ್ಲ ಬಿಚ್ಚೋದು, ಕಾಯಿಸೋದು ಅಪರಾಧ ಕಣಮ್ಮ. ಲೈಸೆನ್ಸ್ ಇರಬೇಕು."

"ಮಾಲು ಸಾಹುಕಾರ್ರದ್ದು ಸಾರ್. ಅವರೇ ಕಳಿಸ್ತಿದ್ದಿದ್ದು."

"ಅವರ ಲೈಸೆನ್ಸ್ ನೋಡಿಯೇ ಬಂದ್ವಿ. ಮಾಲೆಲ್ಲ ದೊಡ್ಡ ಕಾರ್ಖಾನೆಗೆ ಹೋಗಿದೆ ಅಂತ ಅವರ ಕಂಪ್ಯೂಟರಲ್ಲಿ ದಾಖಲೆ ಇದೆ. ಇಲ್ಲಿಗೆ ಬಂದಿದೆ ಅಂತ ಎಲ್ಲೂ ಇಲ್ಲ."

"ನನ್ನ ಮಗಳ ಮೈಯಲ್ಲಿದೆ ಸಾರ್," ಎಂದಳು.

ಅಧಿಕಾರಿ ತಲೆ ತಗ್ಗಿಸಿದ. ಒಳಗೆ ಕೂತಿದ್ದ ಹುಡುಗಿಯ ಕಡೆ ಒಮ್ಮೆ ನೋಡಿ, ಹೊರಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡ. ಕೇಸು ಮಾತ್ರ ಅವಳ ಮೇಲೆಯೇ ಬಿತ್ತು.

ಕೋರ್ಟಿನ ದಿನ ಗಂಡ ಕೆಲಸ ಬಿಟ್ಟು ಜೊತೆಗೆ ಬಂದ. ಸರದಿ ಬಂದಾಗ ಅವಳ ಮೇಲಿನ ಆರೋಪವನ್ನು ಗುಮಾಸ್ತ ಒಂದೇ ಉಸಿರಿಗೆ ಓದಿ ಮುಗಿಸಿದ. ನ್ಯಾಯಾಧೀಶರು ಕೇಳಿದರು, "ತಪ್ಪು ಒಪ್ಕೊಳ್ತೀಯಾ?"

"ಒಪ್ಕೊಳ್ತೀನಿ," ಎಂದಳು. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಆ ಮಾತು ಹೊರಬಿದ್ದಿದ್ದೇ ತಡ, ಇಷ್ಟು ದಿನ ಮನೆಯಲ್ಲಿ ಮಗಳೆದುರು, ಅತ್ತೆಯೆದುರು ಕಟ್ಟಿಹಿಡಿದಿದ್ದ ಅಳು ಕಟ್ಟೆಯೊಡೆಯಿತು. "ಒಪ್ಕೊಳ್ತೀನಿ, ನಾನೇ ಮಾಡಿದ್ದು, ನನ್ನ ಕೈಯಾರೆ ಮಾಡಿದ್ದು," ಎಂದು ಕಟಕಟೆಯ ಮರ ಹಿಡಿದುಕೊಂಡು ಅತ್ತಳು. ದಂಡಕ್ಕೆ ಹೆದರಿ ಅಳುತ್ತಿದ್ದಾಳೆ ಎಂದುಕೊಂಡ ನ್ಯಾಯಾಧೀಶರು, "ಸಮಾಧಾನ ಮಾಡ್ಕೊಳ್ಳಮ್ಮ, ಮೊದಲ ಸಲ ಅಂತ ಎಚ್ಚರಿಕೆ ಕೊಟ್ಟು ಬಿಡ್ತಿದೀನಿ. ಇನ್ನೊಮ್ಮೆ ಹೀಗೆ ಮಾಡಬೇಡ," ಎಂದು ಮುಂದಿನ ಕೇಸು ಕರೆಸಿದರು. ಬಿಟ್ಟುಬಿಟ್ಟರು ಎಂದು ಗಂಡನಿಗೆ ನಿರಾಳ. ಇಷ್ಟೇನಾ, ಇಷ್ಟಕ್ಕೇ ಬಿಟ್ಟರಾ ಎಂದು ಅವಳಿಗೆ ದಿಗಿಲು. ಯಾರಾದರೂ ಸರಿಯಾದ ಶಿಕ್ಷೆ ಕೊಡಲಿ ಎಂದು ಕಾಯುತ್ತಿದ್ದವಳಿಗೆ ಕೊಡುವವರೇ ಸಿಗಲಿಲ್ಲ.

ಆಮೇಲೆ ಅವಳು ಒಂದು ಲಾಂಡ್ರಿಯಲ್ಲಿ ಕೆಲಸಕ್ಕೆ ಸೇರಿದಳು. ದಿನವಿಡೀ ನೀರು, ಸೋಪು. ಅದು ಅವಳಿಗೆ ಹಿತವೆನಿಸಿತು. ಮಗಳ ರಕ್ತದಲ್ಲಿನ ಸೀಸ ಇಳಿಯುತ್ತಾ ಬಂತು. ಹೊಟ್ಟೆನೋವು ನಿಂತಿತು. ಕೆನ್ನೆಗೆ ಬಣ್ಣ ಬಂತು. ಡಾಕ್ಟರಮ್ಮ ಪ್ರತಿ ಸಲವೂ ಬೆನ್ನು ತಟ್ಟುತ್ತಿದ್ದಳು. ಕಿವಿಗೆ ಒಂದು ಸಣ್ಣ ಯಂತ್ರ ಹಾಕಿದರು. ಶಾಲೆಯಲ್ಲಿ ಅವಳನ್ನು ತನಗಿಂತ ಚಿಕ್ಕ ಮಕ್ಕಳ ಜೊತೆ ಕೂರಿಸಿದರು. ಬೇರೆ ಮಕ್ಕಳಿಗಿಂತ ತಲೆಯಷ್ಟು ಎತ್ತರವಿದ್ದ ಅವಳು ಹಿಂದಿನ ಬೆಂಚಿನಲ್ಲಿ ಬೆನ್ನು ಬಗ್ಗಿಸಿ ಕೂರುವುದನ್ನು ಕಲಿತಳು. ಮಾತಿಗೆ ಮೊದಲು ಯೋಚನೆ, ಯೋಚನೆಯ ನಡುವೆ ಮರೆವು. ಮರೆತಾಗ ನಕ್ಕುಬಿಡುತ್ತಿದ್ದಳು. ಆ ನಗುವನ್ನು ನೋಡಲು ತಾಯಿಗೆ ಆಗುತ್ತಿರಲಿಲ್ಲ.

ದಿನಾ ಬೆಳಿಗ್ಗೆ ತಲೆ ಬಾಚುವಾಗ ತಾಯಿ ಅವಳಿಗೆ ವಾರದ ದಿನಗಳನ್ನು ಹೇಳಿಸುತ್ತಿದ್ದಳು. ಸೋಮವಾರ, ಮಂಗಳವಾರ, ಬುಧವಾರ. ಅಲ್ಲಿಗೆ ಬಂದು ಹುಡುಗಿ ನಿಲ್ಲುತ್ತಿದ್ದಳು. ಕನ್ನಡಿಯಲ್ಲಿ ತಾಯಿಯ ತುಟಿ ನೋಡುತ್ತಿದ್ದಳು. ತಾಯಿ ಸದ್ದಿಲ್ಲದೆ ತುಟಿಯಾಡಿಸುತ್ತಿದ್ದಳು. ಹುಡುಗಿ ಮುಖ ಅರಳಿಸಿ "ಗುರುವಾರ" ಎನ್ನುತ್ತಿದ್ದಳು. ಹೀಗೆ ಇಬ್ಬರೂ ಸೇರಿ ವಾರ ಮುಗಿಸುತ್ತಿದ್ದರು.

ಹೀಗಿರುವಾಗ ಒಂದು ಸಂಜೆ ಲಾಂಡ್ರಿಯಿಂದ ಬರುತ್ತಿದ್ದವಳಿಗೆ ಟೈಲರನ ಮನೆಯ ಮುಂದೆ ಸಾಹುಕಾರನ ಗಾಡಿ ಕಂಡಿತು. ಮೂಟೆ ಇಳಿಸುತ್ತಿದ್ದರು. ಟೈಲರನಿಗೆ ಈಗೀಗ ಹೊಲಿಗೆ ಕಡಿಮೆ. ಜನ ಮೊಬೈಲಿನಲ್ಲೇ ಸಿದ್ಧ ಬಟ್ಟೆ ತರಿಸಿಕೊಳ್ಳುತ್ತಿದ್ದರು. ಹೆಂಡತಿಯ ಸೊಂಟದ ಮೇಲೆ ಆಗತಾನೆ ಹಲ್ಲು ಬರುತ್ತಿದ್ದ ಗಂಡುಮಗು.

ತಾಮ್ರದಕ್ಕ ಅಲ್ಲೇ ನಿಂತು ಹೇಳಿದಳು, ಬಿಡಿಸಿ ಹೇಳಿದಳು, ಕೈ ಹಿಡಿದುಕೊಂಡು ಹೇಳಿದಳು. ಟೈಲರನ ಹೆಂಡತಿ ಮುಖ ಸಪ್ಪಗೆ ಮಾಡಿಕೊಂಡಳು.

"ನೀವು ಇಷ್ಟು ವರ್ಷ ಮಾಡಿದ್ರಲ್ಲಕ್ಕ. ನಮಗೆ ಒಂದು ದಾರಿ ಸಿಕ್ಕಾಗ ಬೇಡ ಅಂತೀರಲ್ಲ."

"ನಾನು ಮಾಡಿದ್ದಕ್ಕೇ ಹೇಳ್ತಿದೀನಿ ಕಣೇ."

"ನಾನು ಹುಷಾರಾಗಿ ಮಾಡ್ತೀನಿ. ಬಾಗಿಲು ತೆಗೆದಿಡ್ತೀನಿ, ಹೊಗೆ ಹೊರಗೆ ಹೋಗುತ್ತೆ. ಮಗೂನ ಒಳಗಿನ ಕೋಣೇಲಿ ಮಲಗಿಸ್ತೀನಿ. ಎಲ್ಲರಿಗೂ ಹಾಗೇ ಆಗುತ್ತೆ ಅಂತ ಏನಿದೆ?"

ಎಲ್ಲರಿಗೂ ಹಾಗೇ ಆಗುತ್ತೆ ಅಂತ ಏನಿದೆ. ತನಗೂ ಯಾರಾದರೂ ಬಂದು ಹೇಳಿದ್ದರೆ ತಾನೂ ಇದನ್ನೇ ಹೇಳುತ್ತಿದ್ದೆನೇನೋ ಎನಿಸಿತು ತಾಮ್ರದಕ್ಕನಿಗೆ. ಮಾತು ಇನ್ನು ಕೆಲಸಕ್ಕೆ ಬರುವುದಿಲ್ಲ ಎಂದು ಗೊತ್ತಾಯಿತು.

ಮಾರನೆಯ ದಿನ ರಜೆ. ಬೆಳಿಗ್ಗೆ ಮಗಳಿಗೆ ಒಳ್ಳೆಯ ಫ್ರಾಕು ತೊಡಿಸಿ, ಕೈ ಹಿಡಿದುಕೊಂಡು ಟೈಲರನ ಮನೆಗೆ ಹೋದಳು. ಮೂಟೆಗಳಿನ್ನೂ ಕಟ್ಟು ಬಿಚ್ಚದೆ ಬಾಗಿಲ ಹತ್ತಿರವೇ ಇದ್ದವು. ಮಗು ಒಂದು ಮೂಟೆಯನ್ನು ಹಿಡಿದುಕೊಂಡು ನಿಲ್ಲಲು ಕಲಿಯುತ್ತಿತ್ತು.

"ಬನ್ನಿ ಅಕ್ಕ," ಎಂದು ಟೈಲರನ ಹೆಂಡತಿ ಮುಜುಗರದಿಂದಲೇ ಕರೆದಳು.

ತಾಮ್ರದಕ್ಕ ಕೂರಲಿಲ್ಲ. "ಚಿಕ್ಕಮ್ಮನಿಗೆ ವಾರದ ದಿನ ಹೇಳು ಮಗಳೇ," ಎಂದಳು.

ಹುಡುಗಿಗೆ ಖುಷಿಯಾಯಿತು. ಹೊರಗಿನವರ ಮುಂದೆ ಏನನ್ನಾದರೂ ಹೇಳು ಎಂದು ಅವಳನ್ನು ಯಾರಾದರೂ ಕೇಳಿ ಬಹಳ ಕಾಲವಾಗಿತ್ತು. ನೆಟ್ಟಗೆ ನಿಂತು ಶುರುಮಾಡಿದಳು. "ಸೋಮವಾರ. ಮಂಗಳವಾರ. ಬುಧವಾರ." ಅಲ್ಲಿ ನಿಂತಳು. ಅಭ್ಯಾಸದಂತೆ ತಿರುಗಿ ತಾಯಿಯ ತುಟಿಯ ಕಡೆ ನೋಡಿದಳು.

ತಾಮ್ರದಕ್ಕ ತುಟಿ ಬಿಗಿಹಿಡಿದಳು.

"ಸೋಮವಾರ, ಮಂಗಳವಾರ, ಬುಧವಾರ," ಎಂದು ಹುಡುಗಿ ಮತ್ತೆ ಮೊದಲಿನಿಂದ ಶುರುಮಾಡಿದಳು. ಮತ್ತೆ ಅಲ್ಲಿಯೇ ನಿಂತಳು. ಹಣೆಯಲ್ಲಿ ಬೆವರು ಮೂಡಿತು. ಫ್ರಾಕಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳತೊಡಗಿದಳು. ಕಣ್ಣು ತಾಯಿಯ ಮುಖವನ್ನು ಬಿಡಲಿಲ್ಲ. ಒಂದು ತುಟಿಯಲುಗು ಸಾಕಿತ್ತು. ತಾಯಿ ಕಲ್ಲಿನ ಹಾಗೆ ನಿಂತಿದ್ದಳು. ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ತುಟಿ ಮಾತ್ರ ಅಲುಗಲಿಲ್ಲ.

"ಸಾಕು ಅಕ್ಕ," ಎಂದಳು ಟೈಲರನ ಹೆಂಡತಿ. "ನಿಲ್ಲಿಸಿ. ನಾನು ನೋಡಲಾರೆ."

"ಇರಿ ಚಿಕ್ಕಮ್ಮ, ನಾನು ಹೇಳ್ತೀನಿ," ಎಂದಳು ಹುಡುಗಿ. "ಸೋಮವಾರ..."

ಟೈಲರನ ಹೆಂಡತಿ ಎದ್ದು ಹೋಗಿ, ಮೂಟೆ ಹಿಡಿದು ನಿಂತಿದ್ದ ತನ್ನ ಮಗುವನ್ನು ಎತ್ತಿಕೊಂಡು, ಅದರ ಕೈಗಳನ್ನು ತನ್ನ ಸೆರಗಿನಿಂದ ಉಜ್ಜಿ ಉಜ್ಜಿ ಒರೆಸತೊಡಗಿದಳು.

ಗಲ್ಲಿಯಲ್ಲಿ ವಾಪಸು ಬರುವಾಗ ಹುಡುಗಿ ತಾಯಿಯ ಮುಖವನ್ನೇ ನೋಡುತ್ತಾ ನಡೆದಳು. ಅವಳಿಗೆ ಎಷ್ಟು ಅರ್ಥವಾಗಿದೆಯೋ ತಾಯಿಗೆ ತಿಳಿಯಲಿಲ್ಲ. ಅರ್ಧ ದಾರಿಯಲ್ಲಿ ಹುಡುಗಿ ಕೇಳಿದಳು.

"ಅಮ್ಮ, ನೀನು ಯಾಕೆ ಹೇಳಿಕೊಡ್ಲಿಲ್ಲ?"

ಇನ್ನೊಬ್ಬಳ ಮಗುವನ್ನು ಉಳಿಸಲು ತನ್ನ ಮಗಳನ್ನು ಅವಳೆದುರು ಸೋಲಿಸಿ ತೋರಿಸಿದೆ ಎಂದು ಹೇಗೆ ಹೇಳುವುದು? ತಾಮ್ರದಕ್ಕ ಗಲ್ಲಿಯಲ್ಲೇ ಮಂಡಿಯೂರಿ ಕೂತು ಮಗಳನ್ನು ತಬ್ಬಿಕೊಂಡಳು. ಕೈ ತೊಳೆದಿದ್ದೇನೆಯೋ ಇಲ್ಲವೋ ಎಂದು ಅಂದು ನೋಡಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಟೈಲರ ಮೂಟೆಗಳನ್ನು ಎಳೆದು ತಂದು ಗಲ್ಲಿಯ ಬಾಯಲ್ಲಿ ಹಾಕಿದ. ಸಂಜೆ ಸಾಹುಕಾರನ ಗಾಡಿ ಬಂತು. ಡ್ರೈವರು ಗೊಣಗುತ್ತಾ ಎಲ್ಲವನ್ನೂ ಮತ್ತೆ ಏರಿಸಿಕೊಂಡ. ಗಾಡಿ ಶೆಡ್ಡಿನ ಕಡೆ ತಿರುಗಲಿಲ್ಲ. ನೀರಿನ ಟ್ಯಾಂಕಿನ ಆಚೆಗಿನ ಮನೆಗಳ ಕಡೆ ಹೋಯಿತು. ಅಲ್ಲಿ ತಾಮ್ರದಕ್ಕನಿಗೆ ಗುರುತಿನವರು ಯಾರೂ ಇರಲಿಲ್ಲ. ಬಾಗಿಲಲ್ಲಿ ನಿಂತು ಅದು ಮರೆಯಾಗುವವರೆಗೂ ನೋಡುತ್ತಿದ್ದಳು.

ಮಗಳು ಬಂದು ಪಕ್ಕದಲ್ಲಿ ನಿಂತು ಅವಳ ಕೈಯೊಳಗೆ ಕೈ ಸೇರಿಸಿದಳು.

"ಅಮ್ಮ, ನಾಳೆ ಮತ್ತೆ ಚಿಕ್ಕಮ್ಮನ ಮನೆಗೆ ಹೋಗೋಣ. ನಾಳೆ ಪೂರ್ತಿ ಹೇಳ್ತೀನಿ."